ಕೋರ್ಟಿನ ಕಾಗದ ತೋರಿಸಿ ತವರಿಗೆ ಅಟ್ಟಿದರೆ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ಪಾವಗಡ ಕಡೆಯ ಒಬ್ಬ ತಾಯಿಯ ಕಥೆಯಿಂದಲೇ ಶುರು ಮಾಡುತ್ತೇನೆ. ಕೂಲಿ ಹಣ ತೆಗೆಯಲು ಹೋದಾಗ ಬ್ಯಾಂಕಿನವರು, ‘ನಿಮ್ಮ ಖಾತೆ ಕೋರ್ಟಿನಿಂದ ಜಪ್ತಿಯಾಗಿದೆ’ ಎಂದರಂತೆ. ಮಗಳ ಮದುವೆಗೆ, ಅಂದರೆ ವರದಕ್ಷಿಣೆಗೆ, ಗಂಡ ಸಾಲ ತಂದಿದ್ದ. ಪತ್ರಕ್ಕೆ ಈಕೆಯ ಹೆಬ್ಬೆಟ್ಟನ್ನೂ ಒತ್ತಿಸಿದ್ದ. ಸಾಲ ಕೊಟ್ಟವರು ದಾವೆ ಹೂಡಿದರು. ಅಮೀನ ತಂದ ಸಮನ್ಸನ್ನು ಗಂಡ ಈಕೆಗೆ ತೋರಿಸಲೇ ಇಲ್ಲ. ಡಿಕ್ರಿ ಆಯಿತು. ಆಗ ಅವನು ಹೇಳಿದ್ದು: ‘ನಿನ್ನ ಹೆಬ್ಬೆಟ್ಟಿದೆ, ನಿನ್ನನ್ನೇ ಜೈಲಿಗೆ ಹಾಕ್ತಾರೆ. ತವರಿಗೆ ಹೋಗಿ ದುಡ್ಡು ತಾ.’ ತರದಿದ್ದಾಗ ಹೊಡೆತ.

ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಮತ್ತೆ ಕೇಳಿದ ವರದಕ್ಷಿಣೆಯಲ್ಲವೇ ಇದು?

ಜೈಲಿನ ಮಾತು ಸುಳ್ಳು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಮಿನ ಪ್ರಕಾರ, ಹಣದ ಡಿಕ್ರಿಗಾಗಿ ಯಾವ ಹೆಂಗಸನ್ನೂ ಬಂಧಿಸುವಂತಿಲ್ಲ. (ಚೆಕ್ ವಾಪಸಾದ ಕೇಸು ಬೇರೆ, ಅದು ಕ್ರಿಮಿನಲ್.) ಜಪ್ತಿ ಮಾಡಬಾರದ್ದೇನು ಎಂಬುದು 60ನೇ ಕಲಮಿನಲ್ಲಿದೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ತಾಳಿಯಂಥ ಒಡವೆ, ಕೂಲಿಕಾರರ ಕೂಲಿ. ಆದರೆ ಇದು ಕೂಲಿಯ ಹಣವೆಂದು ಯಾರೂ ತಾವಾಗಿ ಬಿಡುವುದಿಲ್ಲ. ಪಾಸ್‌ಬುಕ್ ತೋರಿಸಿ ಕೋರ್ಟಿಗೆ ನಾವೇ ಅರ್ಜಿ ಕೊಡಬೇಕು.

ಖಾತೆ ನಿಂತರೆ ಮೊದಲು ಕೇಳಿ: ಇದು ಕೋರ್ಟಿನ ಆದೇಶವೋ, ಬ್ಯಾಂಕೇ ತನ್ನ ಸಾಲಕ್ಕೆ ತಡೆದದ್ದೋ? ಕೇಸಿನ ನಂಬರು ಬರೆಸಿಕೊಳ್ಳಿ. ನೀವು ಸಹಿಯೇ ಹಾಕದ, ಗಂಡನೊಬ್ಬನ ಸಾಲಕ್ಕೆ ನಿಮ್ಮ ದುಡಿಮೆಯ ಹಣ ತಡೆದಿದ್ದರೆ, ಅದು ನನ್ನದೆಂದು ಅದೇ ಕೋರ್ಟಿನಲ್ಲಿ ತಕರಾರು ಹಾಕಬಹುದು. ಸ್ತ್ರೀಧನಕ್ಕೆ ಹೆಂಡತಿಯೇ ಒಡತಿ ಎಂದು 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಸಮನ್ಸ್ ಬಂದರೆ ಬೇಡವೆನ್ನಬೇಡಿ. ಬೇಡವೆಂದರೂ ತಲುಪಿದಂತೆಯೇ ಲೆಕ್ಕ. ನಾವು ಹಾಜರಿಲ್ಲದೆ ಆದ ಡಿಕ್ರಿಯನ್ನು ರದ್ದು ಮಾಡಿಸಲು 30 ದಿನ ಮಾತ್ರ ಅವಕಾಶ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ವಿಷಯ ತಿಳಿದಂದಿನಿಂದ 30 ದಿನ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು, ಆದಾಯ ಎಷ್ಟೇ ಇರಲಿ, ಎಲ್ಲ ಹೆಂಗಸರಿಗೂ ಉಚಿತ ಕಾನೂನು ನೆರವು ಕೊಡುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಆ ತಾಯಿಯ ಡಿಕ್ರಿ ರದ್ದಾಗಲಿಲ್ಲ. ಮನೆಯ ಹಿರಿಯರ ಕೈಗೆ ಕೊಟ್ಟ ಸಮನ್ಸೂ ತಲುಪಿದ ಹಾಗೆ ಎಂದರು. ಆದರೆ ಕೂಲಿ ಹಣ ಬಿಡುಗಡೆಯಾಯಿತು. ಸಾಲ ಕೊಟ್ಟವರು ಒಪ್ಪಿದ್ದರಿಂದ ಉಳಿದದ್ದಕ್ಕೆ ಕಂತು ಆಯಿತು. ಹೊಡೆತಕ್ಕೆ, ತವರಿನ ದುಡ್ಡಿನ ಪೀಡನೆಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಬೇರೆ ಅರ್ಜಿ ಹಾಕಿದೆವು. ಹಣದ ವಿಚಾರದಲ್ಲಿ ಹೆಣ್ಣನ್ನು ಹಿಂಸಿಸುವುದೂ ದೌರ್ಜನ್ಯವೇ ಎನ್ನುತ್ತದೆ ಆ ಕಾಯ್ದೆ.

ಕಾಲೇಜಿನಲ್ಲಿ ಪಾಠ ಹೇಳಿದ ನನಗೂ ಆ ಡಿಕ್ರಿ ಮೊದಲ ಓದಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ನಾಚಿಕೆಯಲ್ಲ. ಆದರೆ ಓದಿಸದೆ ಹೆಬ್ಬೆಟ್ಟು ಒತ್ತಬೇಡಿ. ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಮನೆಗೆ ಬಂದ ಕೋರ್ಟು, ಬ್ಯಾಂಕಿನ ಕಾಗದವನ್ನೂ ತನ್ನಿ. ಓದಬಲ್ಲವರು ಗಟ್ಟಿಯಾಗಿ ಓದಿ ಹೇಳಲಿ. ಆಕೆಯ ಸಂಘದಲ್ಲಿ ಈ ರೂಢಿ ಮೊದಲೇ ಇದ್ದಿದ್ದರೆ ಆ 30 ದಿನ ಕೈತಪ್ಪುತ್ತಿರಲಿಲ್ಲ.