ನೀರಿನಲ್ಲಿ ನಿಂತ ಚರ್ಚು



ಇವತ್ತು ನಾವು ಒಂದು ಹಳೆಯ ಕಟ್ಟಡದ ಬಗ್ಗೆ ಮಾತಾಡೋಣ. ಹಾಸನ ಜಿಲ್ಲೆಯ ಹೇಮಾವತಿ ಹೊಳೆಯ ದಂಡೆಯಲ್ಲಿ ಶೆಟ್ಟಿಹಳ್ಳಿ ಅಂತ ಒಂದು ಊರಿತ್ತು. 1860ರ ಸುಮಾರಿಗೆ ಫ್ರಾನ್ಸ್ ದೇಶದ ಪಾದ್ರಿಗಳು ಅಲ್ಲಿ ಒಂದು ಚರ್ಚು ಕಟ್ಟಿಸಿದರು. ಅದೇ ರೋಸರಿ ಚರ್ಚು.

ಎತ್ತರದ ಗೋಡೆ. ಸಾಲು ಸಾಲು ಕಮಾನು. ಈ ಕಮಾನುಗಳ ತುದಿ ಚೂಪು. ಈ ರೀತಿಯ ಕಟ್ಟಡಕ್ಕೆ ಗಾಥಿಕ್ ಶೈಲಿ ಎನ್ನುತ್ತಾರೆ.

ಕಮಾನು ಬೀಳದೆ ಹೇಗೆ ನಿಲ್ಲುತ್ತದೆ? ನೀವೇ ಮಾಡಿ ನೋಡಿ. ಎರಡು ಮೊಣಕೈಗಳನ್ನು ನೆಲದ ಮೇಲೆ ಅಗಲವಾಗಿ ಊರಿ. ಎರಡೂ ಕೈಗಳ ಬೆರಳ ತುದಿ ಸೇರಿಸಿ. ಕಮಾನು ಆಯಿತಲ್ಲ! ಈಗ ಪಕ್ಕದವರು ಮೇಲಿಂದ ಮೆಲ್ಲಗೆ ಒತ್ತಲಿ. ಮೊಣಕೈ ಹೊರಕ್ಕೆ ಜಾರುತ್ತದೆ. ಇನ್ನಿಬ್ಬರು ಆಚೆ ಈಚೆ ಕೂತು ಮೊಣಕೈ ಹಿಡಿದುಕೊಳ್ಳಲಿ. ಈಗ ಜಾರುವುದಿಲ್ಲ. ಕಟ್ಟಡದಲ್ಲಿ ಹಾಗೆ ಹಿಡಿದುಕೊಳ್ಳುವುದು ದಪ್ಪ ಗೋಡೆ. ಕಮಾನು ಒಂದೇ ನಿಲ್ಲುವುದಿಲ್ಲ. ಪಕ್ಕದ ಆಸರೆ ಬೇಕು.

ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು. 1979ರಲ್ಲಿ ಅದು ಮುಗಿಯಿತು. ಎಷ್ಟೋ ಊರುಗಳ ಹೊಲಗದ್ದೆಗೆ ನೀರು ಬಂತು. ಅದು ಒಳ್ಳೆಯದೇ. ಆದರೆ ಹಿನ್ನೀರು ಏರಿ ಶೆಟ್ಟಿಹಳ್ಳಿಯನ್ನು ಮುಳುಗಿಸಿತು. ಜನ ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋದರು. ಚರ್ಚು ಮಾತ್ರ ಅಲ್ಲೇ ಉಳಿಯಿತು.

ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅದರ ಬುಡ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹತ್ತಿರ ಹೋಗಬಹುದು. ಚಾವಣಿ ಎಂದೋ ಹೋಗಿದೆ. ಗೋಡೆಗಳು ನೆನೆದು, ಒಣಗಿ, ಮತ್ತೆ ನೆನೆದು ಸವೆಯುತ್ತಿವೆ. ಕೆಲವು ಕಡೆ ಕುಸಿದಿವೆ. ಆದ್ದರಿಂದ ನೋಡಲು ಹೋದವರು ಗೋಡೆಯ ಕೆಳಗೆ ನಿಲ್ಲಬಾರದು.

ದೂರದಿಂದ ಜನ ಬಂದು ಈ ಚರ್ಚಿನ ಫೋಟೋ ತೆಗೆಯುತ್ತಾರೆ. ಕಟ್ಟಿಸಿದವರು ಪಾದ್ರಿಗಳು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಲ್ಲು ಇಟ್ಟಿಗೆ ಹೊತ್ತವರು ಯಾರು? ಗಾರೆ ಕಲಸಿದವರು ಯಾರು? ಅವರ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ಮುಳುಗಿದ ಮನೆಗಳಲ್ಲಿ ಒಲೆ ಹಚ್ಚಿದ ಹೆಂಗಸರ ಹೆಸರೂ ಅಷ್ಟೇ. ಗೋಡೆ ನೀರಿನಲ್ಲೂ ನಿಂತಿತು. ಬಾಯಿಮಾತು ಹಾಗೆ ನಿಲ್ಲುವುದಿಲ್ಲ ಕಣ್ರೀ. ಹೇಳುವವರು ಹೋದರೆ ಅದೂ ಹೋಗುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಮಾತಿಗೆ ಅಕ್ಷರವೇ ಆಸರೆ.

ನಿಮ್ಮೂರಲ್ಲೂ ಒಂದು ಹಳೆಯ ಕಟ್ಟಡ ಇರಬಹುದು. ಗುಡಿ, ಮಸೀದಿ, ಚರ್ಚು, ಛತ್ರ, ಕಲ್ಯಾಣಿ, ಯಾವುದಾದರೂ ಸರಿ. ಊರಿನ ಹಿರಿಯಜ್ಜಿಯ ಹತ್ತಿರ ಕೂತು ಕೇಳಿ. ಯಾವಾಗ ಕಟ್ಟಿದರು? ಯಾರು ಕಲ್ಲು ಹೊತ್ತರು? ಅವರು ಹೇಳಿದ್ದನ್ನು ಐದು ಸಾಲು ಬರೆಯಿರಿ. ಕೆಳಗೆ ಆ ಅಜ್ಜಿಯ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ನಿಮ್ಮ ಹೆಸರನ್ನೂ ಬರೆಯಿರಿ.