ನಿರಾಶೆಯೂ ರಾಶಿಚಕ್ರವೂ

(ಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಮಳಗಿಯ ಸೀಮೆಯ ಒಬ್ಬ ಒಕ್ಕಲಿಗನನ್ನು ಮನಸ್ಸಿಗೆ ತಂದುಕೊಳ್ಳಿರಿ. ರೋಹಿಣಿಯಲ್ಲಿ ಹೊಲವನ್ನು ಹದಮಾಡಿ ಅವನು ಕೂರಿಗೆಯಿಂದ ಭತ್ತವನ್ನು ಬಿತ್ತಿದನು. ಮೃಗಶಿರೆಯು ಒಣಗಿಹೋಯಿತು, ಆರಿದ್ರೆಯು ಮೋಡವನ್ನು ತೋರಿಸಿತೇ ಹೊರತು ಮಳೆಯನ್ನು ಕೊಡಲಿಲ್ಲ. ಬೀಜವು ಮಣ್ಣಿನಲ್ಲಿಯೇ ಕೆಟ್ಟಿತು. ಅದೇ ವರುಷ ಎತ್ತು ಸತ್ತಿತು. ಮಗಳ ಲಗ್ನವು ಮುಂದೆ ಹೋಯಿತು. ದುಡಿಮೆಯಲ್ಲಿ ಅವನು ಕಡಿಮೆ ಮಾಡಿರಲಿಲ್ಲ. "ಇದು ನನಗೇ ಏಕೆ?" ಎಂದು ಕೇಳುತ್ತ ಜೋಯಿಸರ ಮನೆಗೆ ಹೋಗುವನು. "ನಿನಗೆ ಸಾಡೇಸಾತಿ ನಡೆದಿದೆ" ಎಂದು ಅವರು ಹೇಳಿದೊಡನೆ ಅವನ ಎದೆಯ ಭಾರವು ಅರ್ಧ ಇಳಿಯುವದು. ಕಷ್ಟಕ್ಕೆ ಒಂದು ಹೆಸರು ದೊರೆಯಿತು. ಒಂದು ಅವಧಿಯೂ ದೊರೆಯಿತು. ಇದನ್ನು ಕಂಡು ನಗತಕ್ಕದ್ದಲ್ಲ. ನೊಂದವನಿಗೆ ಅನ್ನದಷ್ಟೇ ಅರ್ಥವೂ ಬೇಕು.

ಆದರೆ ಆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಶನಿಯು 12 ರಾಶಿಗಳನ್ನು ಸುತ್ತಿಬರಲು ಸುಮಾರು 29½ ವರ್ಷ ಹಿಡಿಯುವದು; ಒಂದೊಂದು ರಾಶಿಗೆ ಸುಮಾರು 2½ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಇವು ಸೇರಿ 7½ ವರ್ಷ. ಅಂದಮೇಲೆ ಯಾವ ಕಾಲದಲ್ಲಿ ನೋಡಿದರೂ 3 ರಾಶಿಯವರು ಸಾಡೇಸಾತಿಯಲ್ಲಿಯೇ ಇರುವರು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು! ಅವರಲ್ಲಿ ಕಣ ತುಂಬಿದವರೂ ಉಂಟು. ಮಳೆ ತಪ್ಪಿದಾಗ ಹೊಲವು ಒಡೆಯನ ರಾಶಿಯನ್ನು ಕೇಳಿ ಒಣಗುವದಿಲ್ಲ. "ನನಗೇ ಏಕೆ?" ಎಂಬುದಕ್ಕೆ ರಾಶಿಚಕ್ರವೇ ಕೊಡುವ ಉತ್ತರವಿದು: "ನಿನಗೊಬ್ಬನಿಗೇ ಅಲ್ಲ, ಪಕ್ಕದ ಮನೆಯವನನ್ನೂ ವಿಚಾರಿಸು."

ರೋಹಿಣಿಯು ಬಿತ್ತನೆಯ ಹೊತ್ತನ್ನು ಹೇಳುವದು. ಬೆಳೆಯ ಹೊಣೆಯನ್ನು ಹೊರುವದಿಲ್ಲ. ಆಕಾಶವು ಕಾಲವನ್ನು ತಿಳಿಸುವದು. ಆ ಕಾಲಕ್ಕೆ ಅರ್ಥವನ್ನು ತುಂಬತಕ್ಕದ್ದು ಮನುಷ್ಯನ ಕಾಯಕವು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ರಾಶಿಕೂಟ, ಚಂದ್ರಬಲ, ತಾರಾಬಲಗಳ ಹೆಸರೆತ್ತಿಯೇ ಒಂದು ವಚನವನ್ನು ನುಡಿದರು. ಶರಣರು ಕೇಳಿದಾಗ ಇವೆಲ್ಲವೂ ಕೂಡಿಬಂದಿವೆಯೆಂದೇ ಹೇಳಬೇಕೆಂಬುದು ಅದರ ಅಭಿಪ್ರಾಯ. ಲಿಂಗವನ್ನು ನೆನೆದು ಮಾಡುವ ಸತ್ಕಾರ್ಯಕ್ಕೆ ಕೂಡಿಬಾರದ ದಿನವೆಂಬುದಿಲ್ಲ.

ಅಂಥ ಮಹಾನುಭಾವರ ಕಲ್ಯಾಣಕ್ಕೂ ಕಠಿಣ ದಿನಗಳು ಬಂದವು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಕಟ್ಟಿದುದೆಲ್ಲವೂ ಕುಸಿದ ಆ ಗಳಿಗೆಗಿಂತ ದೊಡ್ಡ ನಿರಾಶೆ ಯಾವುದುಂಟು? ಆದರೂ ಚೆನ್ನಬಸವಣ್ಣನವರೂ ಅವರೊಡನಿದ್ದ ಶರಣರೂ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಕಾಡುದಾರಿಯಿಂದ ಉಳವಿಗೆ ಬಂದರೆಂದು ಪರಂಪರೆಯು ಹೇಳುತ್ತದೆ. ಮಳಗಿಯಿರುವ ಈ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಆ ಉಳವಿಯೂ ಇದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಭಕ್ತರು ಚಕ್ಕಡಿ ಹೂಡಿಕೊಂಡು ಇಂದಿಗೂ ಅಲ್ಲಿಗೆ ಹೋಗುವರು. ಸೋತವರ ದಾರಿಯೇ ಯಾತ್ರೆಯ ದಾರಿಯಾಯಿತು.

ಮಳಗಿಯ ಬಳಿಯ ಧರ್ಮಾ ಜಲಾಶಯವನ್ನು ನೋಡಿರಿ. ಒಡ್ಡು ಹೊಳೆಯನ್ನು ತಡೆದಿದೆ. ತಡೆಯಲ್ಪಟ್ಟ ನೀರು ಕೆಟ್ಟುಹೋಗಲಿಲ್ಲ. ನಿಂತು, ತುಂಬಿ, ಕಾಲುವೆ ಹಿಡಿದು ಹಾನಗಲ್ಲ ಸೀಮೆಯ ಹೊಲಗಳನ್ನು ತಣಿಸುತ್ತದೆ. ಮನಸ್ಸಿನ ಮುಂದೆ ಬಂದ ತಡೆಯೂ ಹಾಗೆಯೇ. ತಡೆಯಲ್ಪಟ್ಟ ಶಕ್ತಿಯು ನೆರೆಯವನ ಹೊಲಕ್ಕೆ ಹರಿದರೆ ಅದೇ ದಾಸೋಹ.

ಆದುದರಿಂದ ಆ ಒಕ್ಕಲಿಗನು ಪಂಚಾಂಗವನ್ನು ಸುಡಬೇಕಾಗಿಲ್ಲ. ಅದನ್ನು ಮಡಿಚಿಟ್ಟು, ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು, ನೆರೆಯವನೊಡನೆ ಬೀಜವನ್ನು ಹಂಚಿಕೊಂಡು ಪುನರ್ವಸುವಿನಲ್ಲಿ ಮತ್ತೆ ಕೂರಿಗೆಯನ್ನು ಹೂಡಲಿ. ಮಳೆಯು ಬಂದೇ ಬರುವದೆಂದು ಯಾರೂ ಹೇಳಲಾರರು. ಆದರೆ ಇಬ್ಬರು ಕೂಡಿ ಬಿತ್ತಿದ ಹೊಲದಲ್ಲಿ ನಿರಾಶೆಯು ಒಬ್ಬನ ಪಾಲಿನದಾಗಿ ಉಳಿಯುವದಿಲ್ಲ.