ಗಾಜಿನ ತೊಟ್ಟಿಯಲ್ಲಿ ಬಸವನಹುಳು

(ಬಾನುಲಿ ಭಾಷಣ)

ಮೀನು ಸಾಕುವವರ ಮನೆಗೆ ಬಸವನಹುಳು ಸಾಮಾನ್ಯವಾಗಿ ಕರೆಯದೆಯೇ ಬರುತ್ತದೆ. ನಮ್ಮ ಮನೆಗೂ ಹಾಗೆಯೇ ಬಂತು. ಮೊಮ್ಮಗಳ ಹಟಕ್ಕೆ ಮಣಿದು ಎರಡು ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು ನಡುಮನೆಯ ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದೆವು. ಹತ್ತು ಗಪ್ಪಿ ಮೀನು, ತಳಕ್ಕೆ ಮರಳು, ಒಂದು ಹಿಡಿ ನೀರಹುಲ್ಲು. ಇಷ್ಟೇ ನಮ್ಮ ಸಂಸಾರ. ಮೂರನೆಯ ವಾರದ ಒಂದು ಬೆಳಿಗ್ಗೆ, ನಾನು ಕಾಫಿಯ ಲೋಟ ಹಿಡಿದು ಕುಳಿತಿದ್ದಾಗ, "ತಾತ, ಗಾಜಿನ ಮೇಲೆ ಸಾಸಿವೆಕಾಳು ನಡೆಯುತ್ತಿದೆ!" ಎಂದು ಅವಳು ಕೂಗಿದಳು. ಕನ್ನಡಕ ಏರಿಸಿ ನೋಡಿದರೆ ಮಾತು ನಿಜ. ನೀರಹುಲ್ಲಿನ ಎಲೆಯ ಅಡಿಯಲ್ಲಿ ಲೋಳೆಯ ಸಣ್ಣ ಮುದ್ದೆಯಾಗಿ ಅಂಟಿಕೊಂಡು ಬಂದ ಮೊಟ್ಟೆಗಳು ಒಡೆದಿದ್ದವು. ಸಾಸಿವೆಕಾಳಿಗೆ ಎರಡು ಕೂದಲೆಳೆಯ ಕೊಂಬುಗಳೂ ಇದ್ದವು. ಕೊಂಬಿದ್ದ ಮೇಲೆ ಅದು ಬಸವನೇ. ನಮ್ಮ ಹಿರಿಯರು ಹುಳುವಿಗೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅಂದು ಸಂಜೆಯೇ ಮನೆಯಲ್ಲಿ ಎರಡು ಪಕ್ಷಗಳಾದವು. ಅದು ಇರಲಿ ಎಂದು ಮೊಮ್ಮಗಳು. "ಹಿತ್ತಿಲಲ್ಲಿ ಉಪ್ಪು ಹಾಕಿ ಓಡಿಸುವ ಹುಳುವನ್ನು ನಡುಮನೆಯಲ್ಲಿ ಕೂಡಿಸಿ ಸಾಕುವುದೇ?" ಎಂದು ನನ್ನ ಮನೆಯಾಕೆ. ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು. ನಾನು ಮೊದಲು ಕೊಟ್ಟ ತೀರ್ಪು ತಪ್ಪಾಗಿತ್ತು. ಅದಕ್ಕೆ ತೆತ್ತ ಬೆಲೆ ಇನ್ನೂ ನೆನಪಿನಲ್ಲಿದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ವಾದಿ ಪ್ರತಿವಾದಿಗಳ ಮಾತನ್ನು ಕೇಳೋಣ.

ಬಸವನಹುಳುವಿನ ಪರವಾಗಿ ಹೇಳಬೇಕಾದ ಮೊದಲ ಮಾತು ಚರಿತ್ರೆಯದು. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಇದ್ದ. ನೀರನ್ನು ದಿನದಿನವೂ ಬದಲಾಯಿಸದೆ ಮೀನನ್ನು ಗಾಜಿನ ಪಾತ್ರೆಯಲ್ಲಿ ಬದುಕಿಸಬಹುದೇ ಎಂಬುದು ಅವನ ಪ್ರಶ್ನೆ. 12 ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿಕ್ಕ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರಹುಲ್ಲನ್ನೂ ಇಟ್ಟ. ಗಿಡ ಪ್ರಾಣವಾಯುವನ್ನು ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ, ಮೀನಿನ ಕಸ ಗಿಡಕ್ಕೆ ಗೊಬ್ಬರವಾಗುತ್ತದೆ ಎಂಬುದು ಅವನ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಪಾತ್ರೆಯಲ್ಲಿ ಮಾತ್ರ ಹಳೆಯ ಎಲೆಗಳು ಕೊಳೆತವು, ಗಾಜಿಗೆ ಹಸಿರು ಪಾಚಿ ಹತ್ತಿತು, ನೀರು ಕದಡಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ಐದಾರು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದವು, ಪಾಚಿಯನ್ನು ಕೆರೆದವು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ವಿಜ್ಞಾನಿಗಳ ಪತ್ರಿಕೆಯಲ್ಲಿ ಪ್ರಕಟಿಸಿದ. ಫಿಲಿಪ್ ಗಾಸ್ ಎಂಬಾತ 'ಅಕ್ವೇರಿಯಂ' ಎಂಬ ಹೆಸರಿನಲ್ಲೇ ಪುಸ್ತಕ ಬರೆದು ಮನೆಮನೆಗೂ ಆ ಹುಚ್ಚನ್ನು ಹಬ್ಬಿಸಿದ್ದು 1854ರಲ್ಲಿ, ಎಂದರೆ ಅದಾದ ಮೇಲೆ. ಹೀಗೆ ಮನೆಯ ಗಾಜಿನ ತೊಟ್ಟಿ ಎಂಬ ಸಂಸ್ಥೆಯಲ್ಲಿ ಬಸವನಹುಳು ಸ್ಥಾಪಕ ಸದಸ್ಯ. ಅದನ್ನು ನುಸುಳಿ ಬಂದದ್ದೆಂದು ಕರೆಯುವ ಮುನ್ನ ಇದನ್ನು ನೆನೆಯಬೇಕು.

ಅದರ ದುಡಿಮೆಯನ್ನು ನೋಡಬೇಕಾದರೆ ಗಾಜಿನ ಹೊರಗಿನಿಂದ, ಅದು ಮೇಲೇರುತ್ತಿರುವಾಗ ನೋಡಬೇಕು. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ. ಒಳಗೆ ಅರದಂತಹ ಒಂದು ನಾಲಿಗೆ ಇದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲುಗಳ ಸಾಲುಗಳು. ಅದರಿಂದ ಪಾಚಿಯನ್ನು ಉಜ್ಜಿ ಉಜ್ಜಿ ತೆಗೆಯುತ್ತದೆ. ಹಿಂದೆ ಉಳಿಯುವ ದಾರಿ, ಮಂಜು ಹಿಡಿದ ಕನ್ನಡಿಯ ಮೇಲೆ ಬೆರಳೆಳೆದಂತೆ ಸ್ವಚ್ಛ.

ಎಲ್ಲ ಬಸವನಹುಳುಗಳೂ ಒಂದೇ ಜಾತಿಯವಲ್ಲ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಚಿಪ್ಪಿನದು ಒಂದು. ಇದರ ರಕ್ತದಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹೀಮೋಗ್ಲೋಬಿನ್ ಇದೆ. ಆದ್ದರಿಂದ ಚಿಪ್ಪು ತಿಳಿಬಣ್ಣದ್ದಾದರೆ ಒಳಗಿನ ಕೆಂಪು ಹೊರಗೆ ಕಾಣುತ್ತದೆ. ಕಹಳೆಯಂತೆ ಚೂಪಾದದ್ದು ಇನ್ನೊಂದು. ಅದು ಹಗಲೆಲ್ಲ ಮರಳಿನಲ್ಲಿ ಹುದುಗಿದ್ದು ರಾತ್ರಿ ಹೊರಬರುತ್ತದೆ. ರೈತನ ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ತೊಟ್ಟಿಯ ಮರಳಿನಲ್ಲಿ ಮಾಡುತ್ತದೆ. ಇನ್ನು ನಮ್ಮ ಗದ್ದೆ ಕೆರೆಗಳ ದೊಡ್ಡ ಬಸವನಹುಳು. ಪ್ರಾಣಿಶಾಸ್ತ್ರ ಓದಿದವರಿಗೆ ಪೈಲಾ ಎಂಬ ಅದರ ಹೆಸರು ನೆನಪಿರುತ್ತದೆ. ಇದಕ್ಕೆ ಮೀನಿನಂತೆ ಕಿವಿರೂ ಉಂಟು, ನಮ್ಮಂತೆ ಶ್ವಾಸಕೋಶವೂ ಉಂಟು. ಬೇಸಗೆಯಲ್ಲಿ ಕೆರೆ ಬತ್ತಿದರೆ ಕೆಸರಿನೊಳಗೆ ಇಳಿದು, ಚಿಪ್ಪಿನ ಮುಚ್ಚಳ ಹಾಕಿಕೊಂಡು, ಮಳೆಗಾಗಿ ಕಾಯುತ್ತದೆ. ಅಂತಹ ಪ್ರಾಣಿಯನ್ನು ಮಗುವೊಂದು ದಿನವೂ ಕಣ್ಣೆದುರಿಗೆ ನೋಡುವುದಾದರೆ ಅದೇನು ಸಣ್ಣ ಲಾಭವೇ?

ಇನ್ನು ಆರೋಪಗಳು. ಮೊದಲನೆಯದು ಸಂತಾನ. ಚಕ್ಕುಲಿ ಚಿಪ್ಪಿನ ಹುಳುವಿನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಪ್ರತಿಯೊಂದೂ ಎರಡೂ ಹೌದು. ಕಹಳೆಯಂಥದ್ದರಲ್ಲಿ ಹೆಣ್ಣು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ಆದ್ದರಿಂದ 'ಒಂದೇ ಒಂದು ಇದೆ' ಎಂಬ ಧೈರ್ಯ ಸಲ್ಲದು. ಎರಡನೆಯದು ಗಿಡಗಳ ಹಾನಿ. ಚಿಕ್ಕ ಹುಳುಗಳು ಹೆಚ್ಚಾಗಿ ಕೊಳೆಯುತ್ತಿರುವ ಎಲೆಯನ್ನೇ ತಿನ್ನುತ್ತವೆ. ಆದರೆ ದೊಡ್ಡವುಗಳಲ್ಲಿ ಹಸಿ ಗಿಡವನ್ನೇ ಮೇಯುವ ಜಾತಿಗಳಿವೆ. ಮೂರನೆಯದು, ಅದೂ ಕಸ ಹಾಕುವ ಜೀವಿಯೇ. ಬಸವನಹುಳು ಇದೆಯೆಂದು ನೀರು ಬದಲಾಯಿಸುವುದನ್ನು ಬಿಡುವವರಿದ್ದಾರೆ. ಅದು ಕೊಳೆಯ ರೂಪವನ್ನು ಬದಲಿಸುತ್ತದೆ ಅಷ್ಟೆ. ಕೊಳೆಯನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ.

ನಾಲ್ಕನೆಯ ಆರೋಪ ರೋಗದ್ದು. ದನಗಳಿಗೆ ಬರುವ ಗೊರಕೆ ರೋಗವನ್ನು ಹಳ್ಳಿಯ ಸಂಪರ್ಕವಿರುವವರು ಬಲ್ಲರು. ಅದಕ್ಕೆ ಕಾರಣವಾದ ಹುಳ ತನ್ನ ಬಾಳಿನ ಒಂದು ಭಾಗವನ್ನು ಕೆರೆಯ ಚಕ್ಕುಲಿ ಚಿಪ್ಪಿನ ಬಸವನಹುಳುವಿನಲ್ಲಿ ಕಳೆಯುತ್ತದೆ. ಆದರೆ ಆ ಹುಳದ ಬಾಳು ಪೂರ್ಣವಾಗಬೇಕಾದರೆ ದನವೂ ಬೇಕು. ನಮ್ಮ ತೊಟ್ಟಿಯಲ್ಲಿ ದನವಿಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಬಸವನಹುಳುವಿನಿಂದ ಈ ಭಯವಿಲ್ಲ. ದನ ಮೀಯುವ ಕೆರೆಯಿಂದ ಹಿಡಿದು ತರುವುದು ಮಾತ್ರ ಬೇಡ. ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪು ಹಚ್ಚಿ ತೊಳೆಯುವುದಂತೂ ಯಾವಾಗಲೂ ಒಳ್ಳೆಯದು.

ಈಗ ನನ್ನ ತಪ್ಪು ತೀರ್ಪಿನ ಕಥೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಸಾಸಿವೆಕಾಳುಗಳು ನೂರಾರಾದವು. ಗಾಜಿನ ಮೇಲೆ, ಎಲೆಯ ಮೇಲೆ, ಗಾಳಿ ಬಿಡುವ ಕೊಳವೆಯ ಮೇಲೆ ಅವೇ. ಮನೆಯಾಕೆಯ ಪಕ್ಷಕ್ಕೆ ಬಲ ಬಂತು. ನಾನೂ ಆ ಕಡೆ ವಾಲಿದೆ. ಅಂಗಡಿಯವರನ್ನು ಕೇಳಿದಾಗ ನೀಲಿ ದ್ರವದ ಸಣ್ಣ ಸೀಸೆಯೊಂದನ್ನು ಕೊಟ್ಟರು. ಅದು ತಾಮ್ರದ ಔಷಧಿ. ಅಡಕೆ ತೋಟದವರು ಬಲ್ಲ ಮೈಲುತುತ್ತದ ಬಂಧು. ಚಿಪ್ಪಿನ ಪ್ರಾಣಿಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ. ರಾತ್ರಿ ಮಲಗುವ ಮುನ್ನ ಹನಿಗಳನ್ನೆಣಿಸಿ ಹಾಕಿದೆ. ಬೆಳಿಗ್ಗೆ ಎದ್ದಾಗ ಗಾಜು ಬರಿದಾಗಿತ್ತು. ಹುಳುಗಳೆಲ್ಲ ಮರಳಿನ ಮೇಲೆ ಉದುರಿದ್ದವು. ಗೆದ್ದೆನೆಂದುಕೊಂಡೆ. ಸಂಜೆಗೆ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮರುದಿನ ಕೋಣೆಗೆಲ್ಲ ವಾಸನೆ. ಗಪ್ಪಿಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಏದುಸಿರು ಬಿಡುತ್ತಿದ್ದವು. ಮೂರನೆಯ ದಿನ ಉಳಿದದ್ದು ನಾಲ್ಕು ಮೀನು.

ಮೊಮ್ಮಗಳು ಅಳಲಿಲ್ಲ. ಒಂದು ಪ್ರಶ್ನೆ ಕೇಳಿದಳು: "ತಾತ, ಬಸವನಹುಳು ಸತ್ತದ್ದು ಔಷಧಿಯಿಂದ. ಮೀನು ಯಾಕೆ ಸತ್ತವು?" ಅಂದು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ನೂರಾರು ಹುಳುಗಳು ಚಿಪ್ಪಿನೊಳಗೆ ಒಟ್ಟಿಗೆ ಕೊಳೆತರೆ ನೀರಿನಲ್ಲಿ ಅಮೋನಿಯ ಏರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಪ್ರಾಣವಾಯುವನ್ನೂ ಹೀರುತ್ತವೆ. ಮೆದು ನೀರಾದರೆ ತಾಮ್ರವೇ ಮೀನಿಗೂ ತಾಗುತ್ತದೆ. ಕೊಂದ ಕೈ ಯಾವುದೆಂದು ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ.

ಆದರೆ ಅದಕ್ಕಿಂತ ಹಿಂದಿನ ಪ್ರಶ್ನೆ ಉಳಿದೇ ಇತ್ತು. ನೂರಾರು ಹುಳುಗಳು ಹುಟ್ಟಿದ್ದೇಕೆ? ಹೊಟ್ಟೆಗಿಲ್ಲದ ಕಡೆ ಯಾವ ಸಂಸಾರವೂ ಬೆಳೆಯದು. ಬೆಳಿಗ್ಗೆ ನಾನು ಒಂದು ಚಿಟಿಕೆ ಆಹಾರ ಹಾಕುತ್ತಿದ್ದೆ. ನಾನು ಮರೆತಿರಬಹುದೆಂದು ಮನೆಯಾಕೆ ಇನ್ನೊಂದು ಚಿಟಿಕೆ. ಶಾಲೆಯಿಂದ ಬಂದ ಮೊಮ್ಮಗಳು ಪ್ರೀತಿಯಿಂದ ಮತ್ತೊಂದು. ಹತ್ತಿಪ್ಪತ್ತು ಪುಟ್ಟ ಮೀನುಗಳು ತಿಂದು ಮಿಕ್ಕದ್ದೆಲ್ಲ ಮರಳಿಗೆ ಇಳಿಯುತ್ತಿತ್ತು. ಆ ಮಿಕ್ಕದ್ದೇ ಬಸವನಹುಳುವಾಗಿ ಗಾಜನ್ನು ಹತ್ತಿ ನಮಗೆ ಮುಖ ತೋರಿಸುತ್ತಿತ್ತು. ಅದು ನಮ್ಮ ಕೈಯ ಲೆಕ್ಕದ ಪುಸ್ತಕ. ನಾನು ಆ ಪುಸ್ತಕವನ್ನು ಸುಟ್ಟು ಸಾಲ ತೀರಿತೆಂದುಕೊಂಡಿದ್ದೆ. ಅವು ಇಲ್ಲದಿದ್ದರೂ ಆ ಕೊಳೆ ಇರುತ್ತಿತ್ತು, ಕಾಣುತ್ತಿರಲಿಲ್ಲ, ಅಷ್ಟೆ.

ಹುಳುಗಳನ್ನು ತಿನ್ನುವ ಮೀನನ್ನು ತಂದು ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಹಳದಿ ಮೈಗೆ ಅಡ್ಡ ಗೀರುಗಳಿರುವ ಬೋಟಿಯ ಸ್ಟ್ರಿಯಾಟ ಎಂಬ ಚೆಲುವಾದ ಮೀನು ಇದಕ್ಕೆ ಹೆಸರಾದದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಇದನ್ನು ಮೊದಲು ವರ್ಣಿಸಿ ಹೆಸರಿಟ್ಟರು. ತೀರ್ಥಹಳ್ಳಿಯ ತುಂಗೆಯಲ್ಲಿ ದೊರೆತ ಮೀನು. ಪಶ್ಚಿಮ ಘಟ್ಟದ ಹೊಳೆಗಳನ್ನು ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ; ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ನಾವು ಹೆಚ್ಚಾಗಿ ಹಾಕಿದ ಎರಡು ಚಿಟಿಕೆ ಆಹಾರದ ತಪ್ಪಿಗೆ ತುಂಗೆಯ ಮೀನು ಹೊಳೆ ಬಿಟ್ಟು ನಮ್ಮ ನಡುಮನೆಯಲ್ಲಿ ಚಾಕರಿ ಮಾಡಬೇಕೇ?

ಇನ್ನೂ ಸುಲಭವೆಂದು ತೋರುವ ದಾರಿ, ಹೆಚ್ಚಾದವನ್ನು ಕೆರೆಗೋ ಚರಂಡಿಗೋ ಸುರಿದುಬಿಡುವುದು. ಇದು ಎಲ್ಲಕ್ಕಿಂತ ಅಪಾಯದ ದಾರಿ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ಮಾರಿಷಸ್ಸಿನಿಂದ ತಂದ ಆಫ್ರಿಕದ ದೈತ್ಯ ಬಸವನಹುಳುಗಳು ಕಲ್ಕತ್ತೆಯ ಚೌರಂಗಿಯ ತೋಟವೊಂದನ್ನು ಸೇರಿದವು. ಅದರ ಸಂತತಿ ದೇಶವನ್ನೆಲ್ಲ ಹಬ್ಬಿ ನಮ್ಮ ಕೊಡಗಿನ ಕಾಫಿ ತೋಟಗಳವರೆಗೂ ಬಂದಿದೆ. ಅದು ನೆಲದ ಹುಳುವಿನ ಕಥೆ. ನೀರಿನದಕ್ಕೂ ಕಥೆಯಿದೆ. ದಕ್ಷಿಣ ಅಮೆರಿಕದ ಹೊಂಬಣ್ಣದ ದೊಡ್ಡ ಬಸವನಹುಳುವನ್ನು ಆಹಾರಕ್ಕೆಂದು 1979ರ ಸುಮಾರಿನಲ್ಲಿ ತೈವಾನಿಗೆ ತಂದರು. ಅದರ ರುಚಿ ಜನಕ್ಕೆ ಹಿಡಿಸಲಿಲ್ಲ. ಜನರ ಬತ್ತದ ಪೈರಿನ ರುಚಿ ಅದಕ್ಕೆ ಹಿಡಿಸಿತು. ಪೂರ್ವ ಏಷ್ಯದ ಗದ್ದೆಗಳಿಗೆಲ್ಲ ಅದು ಪಿಡುಗಾಯಿತು. ಸ್ಪೇನಿನ ಎಬ್ರೊ ನದಿಯ ಗದ್ದೆಗಳಿಗೂ ಅದು ಹಬ್ಬಿದ ಮೇಲೆ, 2012ರಲ್ಲಿ ಐರೋಪ್ಯ ಒಕ್ಕೂಟ ಆ ಕುಲವನ್ನೇ ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಮಾರುವ ಹಳದಿ ಬಸವನಹುಳು ಆ ಕುಲಕ್ಕೇ ಸೇರಿದ್ದು. ಎಲ್ಲವೂ ಪೈರು ತಿನ್ನುವ ಜಾತಿಯಲ್ಲ. ಆದರೆ ಅಂಗಡಿಯ ಬೆಳಕಿನಲ್ಲಿ ಒಂದನ್ನೊಂದು ಬೇರೆಯಾಗಿ ಗುರುತಿಸುವುದು ನಿಮ್ಮಿಂದಾಗಲಿ ನನ್ನಿಂದಾಗಲಿ ಸಾಧ್ಯವಿಲ್ಲ. ಆದ್ದರಿಂದ ತೊಟ್ಟಿಯ ಜೀವಿ ತೊಟ್ಟಿಯಲ್ಲೇ ಇರಲಿ.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಗಿಡ ತಂದಾಗ ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟು, ದಿನವೂ ನೋಡಿ, ಲೋಳೆಯ ಮುದ್ದೆಗಳನ್ನು ಬೆರಳಿನಿಂದ ತೆಗೆದುಬಿಡಿ. ಹುಳುಗಳು ಮಿತಿ ಮೀರಿದರೆ ಬೇಯಿಸಿದ ಸೌತೆಕಾಯಿಯ ಹೋಳೊಂದನ್ನು ರಾತ್ರಿ ತಳಕ್ಕೆ ಇಳಿಬಿಡಿ. ಬೆಳಿಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಹಿತ ಎತ್ತಿಬಿಡಿ. ಎತ್ತಿದವನ್ನು ಕೊಲ್ಲುವುದೂ ನಮ್ಮದೇ ಹೊಣೆ. ಅದು ಹಿತವಾದ ಕೆಲಸವಲ್ಲ. ಆ ಹೊಣೆ ಬೇಡವಾದರೆ ಮೊದಲೇ ಆಹಾರವನ್ನು ಹಿಡಿತದಲ್ಲಿಡಬೇಕು.

ನಮ್ಮ ತೊಟ್ಟಿಯಲ್ಲಿ ಆ ನಾಲ್ಕು ಗಪ್ಪಿಗಳ ಸಂಸಾರ ಮತ್ತೆ ಬೆಳೆದಿದೆ. ನೀರನ್ನು ಪೂರ್ತಿ ಬದಲಾಯಿಸಿ, ಮರಳನ್ನು ತೊಳೆದ ಕೆಲವು ತಿಂಗಳ ಮೇಲೆ, ಹೊಸ ನೀರಹುಲ್ಲಿನೊಡನೆ ಬಸವನಹುಳುವೂ ಮರಳಿ ಬಂತು. ಈ ಸಲ ಯಾರೂ ತೀರ್ಪು ಕೇಳಲಿಲ್ಲ. ಆಹಾರದ ಡಬ್ಬಿ ಈಗ ಮೊಮ್ಮಗಳ ವಶದಲ್ಲಿದೆ. ದಿನಕ್ಕೆ ಒಂದೇ ಚಿಟಿಕೆ, ಅದೂ ಅವಳ ಕೈಯಿಂದಲೇ. ಭಾನುವಾರ ಬೆಳಿಗ್ಗೆ ಅವಳು ಗಾಜಿನ ಮುಂದೆ ಕುಳಿತು ಹುಳುಗಳನ್ನು ಎಣಿಸುತ್ತಾಳೆ. ಕಳೆದ ವಾರ ಹದಿನಾಲ್ಕು ಇದ್ದದ್ದು ಈ ವಾರ ಇಪ್ಪತ್ತೊಂದಾಗಿತ್ತು. ಅವಳು ಡಬ್ಬಿಯನ್ನು ಮುಚ್ಚಿ, ನನ್ನ ಕಡೆ ತಿರುಗಿ, "ತಾತ, ನೀವು ಕದ್ದು ಹಾಕಿದಿರಾ?" ಎಂದು ಕೇಳಿದಳು.

ಹಾಕಿದ್ದೆ. ಒಪ್ಪಿಕೊಂಡೆ.